ನೂರಕ್ಕೊಂದು ಹೆಚ್ಚು

ನನ್ನ ಸ್ಕೇಲು ಸುಳ್ಳು ಹೇಳುತ್ತದೆ.
ನೂರು ಎಂದು ಬರೆದಲ್ಲಿ ನೂರೊಂದು ಇರುತ್ತದೆ.
ಕರಗಿದ ಕಬ್ಬಿಣ ಮರಳಿನಲ್ಲಿ ಆರುವಾಗ
ಅಷ್ಟು ಮೈ ಇಳಿಯುತ್ತದೆ ಎಂದು
ಬೆಳಗಾವಿಯ ಉದ್ಯಮಬಾಗದಲ್ಲಿ ಸೋದರಮಾವ ಕಾಳಪ್ಪ ಬಡಿಗೇರ
ನನ್ನ ಹದಿನೈದನೆಯ ವಯಸ್ಸಿಗೆ ಕೈಗಿಟ್ಟ ಪಟ್ಟಿ.
ಅದನ್ನೇ ಹಿಡಿದು ಪುಣೆಗೆ ಬಂದೆ.
ಭೋಸರಿಯ ಫೌಂಡ್ರಿಗಳಿಗೆ ಮೂವತ್ತೆಂಟು ವರ್ಷ
ಪಂಪಿನ ಹೊಟ್ಟೆ, ಗೇರಿನ ಹಲ್ಲು, ಲೇಥಿನ ಕಾಲು
ಎಲ್ಲ ಮೊದಲು ಸಾಗವಾನಿಯಲ್ಲಿ ಮಾಡಿಕೊಟ್ಟೆ.
ಮರಳಲ್ಲಿ ಅಚ್ಚೊತ್ತಿ ಎತ್ತಿದರೆ
ಮರದ ಕೆಲಸ ಮುಗಿಯಿತು.
ಉಳಿದ ಗುಂಡಿಗೆ ಕಬ್ಬಿಣ ಸುರಿಯುತ್ತಿದ್ದರು.
ನಾನು ಮಾಡಿದ್ದನ್ನು ಯಾರೂ ಕೊಂಡದ್ದಿಲ್ಲ;
ಅದು ಎದ್ದುಹೋದ ಜಾಗವನ್ನು ಕೊಂಡರು.

ಆಷಾಢದಲ್ಲಿ ಫ್ರೇನಿಬಾಯಿ ಇರಾನಿ ಬಂದಳು.
ಕ್ಯಾಂಪಿನಲ್ಲಿ ಅವಳಪ್ಪನ ಬೇಕರಿ ಇತ್ತಂತೆ,
ಬ್ರೆಡ್ಡು ಹಂಚುವ ಮಾರಿಸ್ ವ್ಯಾನು, ಐವತ್ತಮೂರರದ್ದು.
ಇಂಜಿನು ಎದ್ದಿದೆ, ಬ್ರೇಕು ಹಿಡಿದಿದೆ,
ಸ್ಟಿಯರಿಂಗು ಮಾತ್ರ ಹೀಗೆ ಎಂದು
ಗೋಣಿಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.
ಸಿಪ್ಪೆ ಎದ್ದ ಕರಿ ಹೊದಿಕೆ,
ಒಳಗೆ ಉಕ್ಕಿನ ಬಳೆ, ಮೂರು ಕಡ್ಡಿ.
"ಮರದ್ದು ಮಾಡು. ನನ್ನ ಕೈಗೆ ಮಾಡು.
ಬೆರಳ ಗೆಣ್ಣು ಹಿಡಿದುಕೊಂಡಿವೆ, ತೆಳುವಾದದ್ದು ಜಾರುತ್ತದೆ."

ಹಿಡಿತದ ಅಳತೆ ತೆಗೆಯುವುದು ಹೇಗೆ?
ಅವಳೇ ಒಳಗೆ ಹೋಗಿ ನೀಲವ್ವನ ಹತ್ತಿರ ಚಪಾತಿ ಹಿಟ್ಟು ಕೇಳಿ
ನೀರು ಜಾಸ್ತಿಯಾಗಿದೆ ಎಂದು ಬೈದು, ಮತ್ತೆ ನಾದಿ
ಬಳೆಗೆ ಮೆತ್ತಿ, ಎರಡೂ ಕೈಯಲ್ಲಿ ಹಿಡಿದಳು.
ತುಸು ಹೊತ್ತು ಬಿಡಲಿಲ್ಲ. ಎಡಕ್ಕೊಮ್ಮೆ ತಿರುಗಿಸಿ
"ಕ್ವಾರ್ಟರ್ ಗೇಟು" ಎಂದಳು, ತನಗೇ.
ಹಿಟ್ಟಿನಲ್ಲಿ ಎಂಟು ಗುಳಿ, ಎರಡು ಹೆಬ್ಬೆಟ್ಟು.
ಮರಳು ಓದಿದ ಕಣ್ಣಿಗೆ ಅಷ್ಟು ಸಾಕು.

ಮರಕ್ಕೆ ದೂರ ಹೋಗಲಿಲ್ಲ. ಅಟ್ಟದ ಮೇಲೆ
ಬಾಗಿಲು ಹಾಕಿದ ಕಾರ್ಖಾನೆಯವರು ಒಯ್ಯದೆ ಬಿಟ್ಟ
ಫ್ಲೈವೀಲಿನ ಪ್ಯಾಟರ್ನು, ಕೆಂಪು ಬಣ್ಣ, ಹಳದಿ ನಂಬರು.
ಉಜ್ಜುಗೊರಡು ಓಡಿಸಿದೆ. ಕೆಂಪು ಸುರುಳಿ ಸುರುಳಿ ಬಿತ್ತು.
ಕೆಳಗೆ, ಮೂವತ್ತು ವರ್ಷದ ಹಿಂದೆ ನಾನೇ ಮುಚ್ಚಿದ ಸಾಗವಾನಿ
ನಿನ್ನೆ ಸೀಳಿದ ಹಾಗೆ ವಾಸನೆ ಬಿಟ್ಟಿತು.
ಹನ್ನೆರಡು ತುಂಡು, ಇಟ್ಟಿಗೆ ಕಟ್ಟಿದಂತೆ
ಒಂದರ ಸಂದಿಯ ಮೇಲೆ ಇನ್ನೊಂದರ ಬೆನ್ನು,
ಅಂಟು, ಹದಿನೆಂಟು ಕ್ಲ್ಯಾಂಪು, ಎರಡು ರಾತ್ರಿ.
ಅರದಲ್ಲಿ ತೀಡಿ, ಉಪ್ಪುಕಾಗದ ಹಾಕಿ
ಕೊನೆಗೆ ಕಣ್ಣು ಮುಚ್ಚಿ ಬರಿಗೈಯಲ್ಲಿ ಸುತ್ತಿ ಬಂದೆ.
ಎಲ್ಲೂ ತಡೆಯಲಿಲ್ಲ.

ಉಕ್ಕಿನ ಬಳೆ ಕೂಡಿಸಿದೆ. ಲೊಡ್ ಅಂದಿತು.
ತೆಗೆದು ಮತ್ತೆ ಕೂಡಿಸಿದೆ. ಲೊಡ್.
ನಾಲ್ಕು ಮಿಲಿಮೀಟರು ದೊಡ್ಡದು.
ಮೇಜಿನ ಮೇಲೆ ಸ್ಕೇಲು ಬಿದ್ದಿತ್ತು, ಏನೂ ಅರಿಯದ ಹಾಗೆ.
ಕುಗ್ಗುವ ಕಬ್ಬಿಣಕ್ಕೆಂದು ಬಿಡುವ ಜಾಗವನ್ನು
ಕೈ ತಾನಾಗಿ ಬಿಟ್ಟಿತ್ತು.
ಇದು ಇನ್ನೇನೋ ಆಗಬೇಕಾದದ್ದಲ್ಲ,
ಇದೇ ಅದು, ಎಂದು
ಕೈಗೆ ಹೇಳಿದವರಾರು?

ಪಕ್ಕದ ಸಿಎನ್‌ಸಿಯ ಹುಡುಗ ಪ್ರಥಮೇಶ ಇಣುಕಿ
"ಕಾಕಾ, ಪುಟ್ಟಿ ತುಂಬಿಬಿಡಿ" ಎಂದ.
ಅವನನ್ನೇ ಅಂಗಡಿಗೆ ಓಡಿಸಿದೆ,
ಶಾಲೆ ಮಕ್ಕಳ ಹತ್ತು ರೂಪಾಯಿಯ ಸ್ಕೇಲು ತಾ ಎಂದು.

ಎರಡನೆಯದು ಕೂತಿತು. ಬಣ್ಣ ಬಳಿಯಲಿಲ್ಲ;
ಅಗಸೆ ಎಣ್ಣೆ ಮೂರು ಸಲ ಕುಡಿಯಿತು.
ಫ್ರೇನಿಬಾಯಿ ವ್ಯಾನು ತಂದು ಬಾಗಿಲಲ್ಲೇ ಹಾಕಿಸಿಕೊಂಡಳು.
ಹಿಡಿದಳು. ಬೆರಳು ಒಂದೊಂದೇ ತನ್ನ ಗುಳಿ ಹುಡುಕಿ ಇಳಿದವು.
ಏನೋ ಹೇಳಿದಳು, ಇಂಜಿನ್ನಿನ ಸದ್ದಿಗೆ ಕೇಳಲಿಲ್ಲ.
ಲಾಂಡೇವಾಡಿ ಚೌಕದಲ್ಲಿ ವ್ಯಾನು ತಿರುಗುವವರೆಗೂ ನಿಂತಿದ್ದೆ.
ನನ್ನ ಮರ ಹೋಗುತ್ತಿತ್ತು,
ಮರವಾಗಿಯೇ.

ಮೊದಲನೆಯದನ್ನು ನೀಲವ್ವ
ನೀರಿನ ಹಂಡೆಗೆ ಸಿಂಬಿ ಮಾಡಿಕೊಂಡಿದ್ದಾಳೆ.
ತಳ ಸರಿಯಾಗಿ ಕೂರುತ್ತದೆ, ಅಲುಗುವುದಿಲ್ಲ.
ದಿನಾ ನೀರು ಚೆಲ್ಲಿ ಚೆಲ್ಲಿ
ಇನ್ನೂ ಒಂದೆಳೆ ಉಬ್ಬಿರಬೇಕು.
ಅಳೆದಿಲ್ಲ.